ಬೇಯಿಸಿದ ಮೊಟ್ಟೆಯ ಆರು ತುಂಡು

ಬೇಕರಿಯವನ ಮಗಳು ಮೊಟ್ಟೆ ತಿನ್ನುವ ಹಾಗಿರಲಿಲ್ಲ. ತಿನ್ನುವುದಿರಲಿ, ಮೊಟ್ಟೆ ಮುಟ್ಟಿದ ಕೈಯಲ್ಲಿ ಯಾರೂ ಅವಳ ಕೆನ್ನೆ ಹಿಂಡುವ ಹಾಗೂ ಇರಲಿಲ್ಲ. ಅಪ್ಪ ಬೆಳಗಿನಿಂದ ಕೇಕಿನ ಹಿಟ್ಟು ಕಲಸಿ, ಬನ್ನುಗಳಿಗೆ ಮೊಟ್ಟೆಯ ಹಳದಿ ಬಳಿದು, ಕೆಲಸ ಮುಗಿದ ಮೇಲೆ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಅಂಗಿ ಬದಲಿಸಿಕೊಂಡೇ ಮನೆಗೆ ಬರುತ್ತಿದ್ದ. ಆರು ವರ್ಷದ ಹುಡುಗಿ ಅಪ್ಪನ ಅಂಗಡಿಯನ್ನು ಎದುರಿನ ಫುಟ್‌ಪಾತಿನಿಂದ ಮಾತ್ರ ನೋಡಿದ್ದಳು. ಕೂಸಾಗಿದ್ದಾಗಿನಿಂದ ನೆಗಡಿ ಬಂದರೆ ಸಾಕು, ಅವಳ ಎದೆ ಸುಂಯ್‌ಗುಡುತ್ತಿತ್ತು. ಅದಕ್ಕೇ ಅಪ್ಪ ಅವಳನ್ನು ‘ಪಿಟೀಲು’ ಅನ್ನುತ್ತಿದ್ದ. ಮನೆಯಲ್ಲಿ ಅದೇ ಹೆಸರು ನಿಂತುಬಿಟ್ಟಿತು.

ಮೊಟ್ಟೆಯ ಸಂಗತಿ ಗೊತ್ತಾದದ್ದು ಪಿಟೀಲಿಗೆ ವರ್ಷ ತುಂಬಿದ ವಾರ. ಮೊಮ್ಮಗಳು ಸೊರಗಿದ್ದಾಳೆ ಅಂತ ಅಜ್ಜಿ, ಅಂದರೆ ಅಪ್ಪನ ತಾಯಿ, ಬೇಯಿಸಿದ ಮೊಟ್ಟೆಯನ್ನು ಕಿವುಚಿ ಎರಡು ತುತ್ತು ತಿನ್ನಿಸಿದ್ದಳು. ಕಾಲು ಗಂಟೆಯೊಳಗೆ ಮಗುವಿನ ತುಟಿ ಊದಿತು, ಮೈತುಂಬ ದದ್ದು ಎದ್ದವು, ಉಸಿರು ಕಟ್ಟಿಕೊಂಡು ಬಂತು. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿದ ಮೇಲೆಯೇ ಕೂಸು ಜೋರಾಗಿ ಅತ್ತದ್ದು. ಅವತ್ತು ಆ ಅಳುವಿನಷ್ಟು ಇಂಪಾದ ಸದ್ದು ಇನ್ನೊಂದಿರಲಿಲ್ಲ.

ಸೊಸೆ ಅಜ್ಜಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿ ಅಂತ ಅಜ್ಜಿಗೆ ಅನ್ನಿಸುತ್ತಿತ್ತು. ಮಗುವಿನ ತಟ್ಟೆ, ಲೋಟ, ಚಮಚ ಎಲ್ಲ ಅಮ್ಮನ ಕೈಗೆ ಹೋದವು. ಅಂಗಡಿಯಿಂದ ಬಂದ ಪ್ರತಿ ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನು ಅಮ್ಮ ಮೊಸರಲ್ಲಿ ಕಲ್ಲು ಹುಡುಕುವ ಹಾಗೆ ಓದುತ್ತಿದ್ದಳು. ಮತ್ತೆ ಹಾಗಾದರೆ ಚುಚ್ಚಲೆಂದು ಡಾಕ್ಟರು ಕೊಟ್ಟ ಇಂಜೆಕ್ಷನ್ ಇಟ್ಟ ಕೈಚೀಲ ಅವಳ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಮಗಳು ಪಕ್ಕದಲ್ಲಿ ಮಲಗಿದರೂ ಅಮ್ಮನ ಒಂದು ಕಿವಿ ಎಚ್ಚರವಾಗಿರುತ್ತಿತ್ತು. ಅಜ್ಜಿಯೂ ತಾನಾಗಿ ದೂರ ಸರಿದಳು. ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು, ಕತೆ ಹೇಳುತ್ತಿದ್ದಳು. ಆದರೆ ಐದು ವರ್ಷದಲ್ಲಿ ಒಂದು ತುತ್ತು ತಿನ್ನಿಸಲಿಲ್ಲ.

ಈ ವರ್ಷ ಚರ್ಮದ ಪರೀಕ್ಷೆ, ರಕ್ತ ಪರೀಕ್ಷೆ ಎರಡನ್ನೂ ನೋಡಿ ಡಾಕ್ಟರಮ್ಮ, “ಅಲರ್ಜಿ ಮೊದಲಿಗಿಂತ ತುಂಬಾ ಇಳಿದಿದೆ. ಎಷ್ಟೋ ಮಕ್ಕಳಿಗೆ ಬೆಳೀತಾ ಇದು ತಾನಾಗೇ ಹೋಗುತ್ತೆ. ತಿನ್ನಿಸಿ ನೋಡೋಣ. ಆದ್ರೆ ಮನೇಲಿ ಮಾತ್ರ ಬೇಡ. ಇಲ್ಲೇ, ನಮ್ಮ ಕಣ್ಣೆದುರಿಗೇ” ಅಂದರು. ಮೊದಲು ನಿಗದಿಯಾದ ದಿನ ಪಿಟೀಲಿಗೆ ನೆಗಡಿಯಾಗಿ ಎದೆ ಹಾಡತೊಡಗಿತು. “ಎದೆ ಪೂರ್ತಿ ತಿಳಿಯಾಗ್ಲಿ” ಅಂತ ಮೂರು ವಾರ ಮುಂದೆ ಹಾಕಿದರು. ಅಮ್ಮನಿಗೆ ಒಳಗೊಳಗೇ ಸಮಾಧಾನವಾಗಿತ್ತು.

ಆ ದಿನವೂ ಬಂತು. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಮನೆಯಿಂದಲೇ ತರಲು ಹೇಳಿದ್ದರು. ಐದು ವರ್ಷದಿಂದ ಮೊಟ್ಟೆ ಕಾಣದ ಅಡುಗೆಮನೆ ಅದು.

“ಅತ್ತೆ, ಎಷ್ಟು ಹೊತ್ತು ಬೇಯಿಸ್ಬೇಕು?” ಅಮ್ಮ ಕೇಳಿದಳು.

“ಕುದಿ ಬಂದ ಮೇಲೆ ಹತ್ತು ನಿಮಿಷ ಕಣಮ್ಮ.”

“ನೀವೇ ಬೇಯಿಸಿಬಿಡಿ. ಆಮೇಲೆ... ನೀವೂ ಬನ್ನಿ ನಮ್ಮ ಜೊತೆ.”

ಅಜ್ಜಿ ಹದಿನೈದು ನಿಮಿಷ ಬೇಯಿಸಿದಳು.

ಆಸ್ಪತ್ರೆಯ ಕೋಣೆಯಲ್ಲಿ ಒಂದು ಮಂಚ, ಮೂರು ಕುರ್ಚಿ. ಸಿಸ್ಟರ್ ಇಂಜೆಕ್ಷನ್ನು, ಆಮ್ಲಜನಕದ ಮುಖವಾಡ ಎಲ್ಲ ಕೈಗೆಟುಕುವ ಹಾಗೆ ಜೋಡಿಸಿಟ್ಟು, ಮೊಟ್ಟೆಯನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಆರು ತುಂಡು ಮಾಡಿದರು. ಮೊದಲನೆಯದು ಅಕ್ಕಿಕಾಳಿನಷ್ಟು, ಕೊನೆಯದು ಅರ್ಧ ಮೊಟ್ಟೆ. ಇಪ್ಪತ್ತು ನಿಮಿಷಕ್ಕೊಂದು.

ಎರಡನೆಯ ತುಂಡಿಗೆ ಪಿಟೀಲು ಮುಖ ಸಿಂಡರಿಸಿದಳು. “ಥೂ! ಇದಕ್ಕಾ ನಾನು ಇಷ್ಟು ದಿನ ಅಳ್ತಿದ್ದಿದ್ದು?”

“ಮೆಲ್ಲಗೆ ಹೇಳೇ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡ” ಅಂದ ಅಪ್ಪ. ಸಿಸ್ಟರ್ ನಕ್ಕರು. ಅಮ್ಮ ನಗಲಿಲ್ಲ. ಅವಳು ಮಗಳ ತುಟಿಯನ್ನೇ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ನಾಲ್ಕನೆಯ ತುಂಡು ತಿಂದು ಸ್ವಲ್ಪ ಹೊತ್ತಿಗೆ ಹುಡುಗಿ ಮಾತು ನಿಲ್ಲಿಸಿದಳು. ಮುಖ ಚಿಕ್ಕದಾಯಿತು. “ಅಮ್ಮಾ, ಹೊಟ್ಟೆ ನೋವು.”

ಅಮ್ಮನ ಕೈ ತಾನಾಗಿ ಕೈಚೀಲಕ್ಕೆ ಹೋಯಿತು. ಸಿಸ್ಟರ್ ಕರೆದ ಕೂಡಲೇ ಡಾಕ್ಟರಮ್ಮ ಬಂದು ಎದೆಗೆ ಸ್ಟೆತಸ್ಕೋಪು ಇಟ್ಟರು, ಬಾಯಿ ತೆರೆಸಿದರು, ಬೆನ್ನು ನೋಡಿದರು. ಒಂದು ದದ್ದೂ ಇಲ್ಲ. ಉಸಿರು ಸಲೀಸು. “ಎಲ್ಲಿ ನೋವು, ಮರಿ?” ಅಂದರೆ ಹುಡುಗಿ ಮುಖ ತಗ್ಗಿಸಿಕೊಂಡಳು.

ಅಜ್ಜಿ ಕುರ್ಚಿಯಿಂದ ಬಗ್ಗಿ ನೋಡಿದಳು. ಮೊಮ್ಮಗಳು ಎರಡೂ ಮಂಡಿಗಳನ್ನು ಅಂಟಿಸಿಕೊಂಡು ಕೂತಿದ್ದಳು.

“ಪಿಟೀಲು, ಒಂದಕ್ಕೆ ಬಂದಿದೆಯೇನೇ?”

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. “ಆಗಿಂದ ಬಂದಿದೆ. ಮಂಚದಿಂದ ಇಳೀಬೇಡ ಅಂದ್ರಲ್ಲ!”

“ಅಯ್ಯೋ ನನ್ನ ತಾಯಿ! ಓಡಾಡಬೇಡ ಅಂದೆ, ತಡ್ಕೊಂಡಿರು ಅಂದ್ನಾ?” ಅಂತ ಸಿಸ್ಟರ್ ಅವಳನ್ನು ಎತ್ತಿಕೊಂಡೇ ಹೋದರು. ವಾಪಸ್ ಬಂದಾಗ ಹೊಟ್ಟೆನೋವು ಹೇಳಹೆಸರಿಲ್ಲದೆ ಹೋಗಿತ್ತು. ಅಮ್ಮ ಆಗ ನಕ್ಕಳು. ಕಣ್ಣೊರೆಸಿಕೊಂಡು ಮತ್ತೂ ನಕ್ಕಳು.

ಐದನೆಯದೂ ಇಳಿಯಿತು. ಆರನೆಯದಕ್ಕೆ ಪಿಟೀಲು ತುಟಿ ಬಿಗಿದು ಕೂತುಬಿಟ್ಟಳು. ಅಪ್ಪನ ಪುಸಲಾವಣೆ ನಡೆಯಲಿಲ್ಲ, ಸಿಸ್ಟರ್‌ದೂ ನಡೆಯಲಿಲ್ಲ. ಅಮ್ಮ ತಟ್ಟೆಯನ್ನು ಅತ್ತೆಯ ಕಡೆ ಚಾಚಿದಳು.

“ನಾನಾ?” ಅಂದಳು ಅಜ್ಜಿ.

“ನೀವೇ. ಎಷ್ಟೋ ದಿನದಿಂದ ಹೇಳ್ಬೇಕು ಅಂದ್ಕೊಂಡಿದ್ದೆ ಅತ್ತೆ, ಬಾಯೇ ಬರಲಿಲ್ಲ. ಅವತ್ತು ನೀವು ತಿನ್ನಿಸದಿದ್ರೆ ಮಾರನೇ ದಿನ ನಾನು ತಿನ್ನಿಸ್ತಿದ್ದೆ. ಯಾರಿಗೆ ಗೊತ್ತಿತ್ತು?”

ಅಜ್ಜಿ ಎದ್ದು ಹೋಗಿ ಕೈ ತೊಳೆದುಕೊಂಡಳು, ತುಂಬಾ ಹೊತ್ತು ತೊಳೆದಳು. ಬಂದು ಮಂಚದ ಅಂಚಿನಲ್ಲಿ ಕೂತು, ಅರ್ಧ ಮೊಟ್ಟೆಯನ್ನು ಚಿಕ್ಕ ಚಿಕ್ಕದಾಗಿ ಮುರಿದು, ಸುಳ್ಳುಪಳ್ಳು ಕತೆ ಹೇಳುತ್ತ ಒಂದೊಂದಾಗಿ ಬಾಯಿಗಿಟ್ಟಳು. ಕತೆ ಮುಗಿಯುವ ಮೊದಲೇ ತಟ್ಟೆ ಖಾಲಿಯಾಯಿತು.

ಆಮೇಲೆ ಎರಡು ಗಂಟೆ ಕಾಯಬೇಕಿತ್ತು. ಏನೂ ಆಗಲಿಲ್ಲ. ಇಷ್ಟು ಸೊಗಸಾಗಿ ಏನೂ ಆಗದೇ ಇರುವುದನ್ನು ಆ ಮನೆಯವರು ಯಾವತ್ತೂ ನೋಡಿರಲಿಲ್ಲ.

“ಗೆದ್ದಳು ನಿಮ್ಮ ಮಗಳು” ಅಂದರು ಡಾಕ್ಟರಮ್ಮ. “ಎದೆ ಸುಂಯ್‌ಗುಟ್ಟೋದಕ್ಕೆ ಬಾಯಿಗೆ ಹೊಡೆಯೋ ಪಂಪು ನಿಲ್ಲಿಸಬೇಡಿ, ಅದು ಬೇರೆ ಲೆಕ್ಕ. ಇಂಜೆಕ್ಷನ್ನೂ ಮುಂದಿನ ಸಲ ಬರೋವರೆಗೆ ಜೊತೇಲಿರಲಿ. ಮೊಟ್ಟೆ ಮಾತ್ರ ವಾರಕ್ಕೆ ಎರಡು ಸಲ ತಪ್ಪದೆ ತಿನ್ನಿಸಿ.”

“ಪ್ರತಿ ವಾರಾನಾ?” ಪಿಟೀಲು ಗೋಳಾಡಿದಳು.

ಬಸ್ಸಿನಲ್ಲಿ ಕೂತ ಎರಡೇ ನಿಮಿಷಕ್ಕೆ ಅಮ್ಮನ ತಲೆ ಅಪ್ಪನ ಹೆಗಲಿಗೆ ವಾಲಿತು. ಬಾಯಿ ಅರ್ಧ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ನಿದ್ದೆ ಹೋದಳು. ಅವರ ಸ್ಟಾಪು ಬಂತು. ಅಪ್ಪ ಎಬ್ಬಿಸಲು ಕೈ ಎತ್ತಿದ. ಹಿಂದಿನ ಸೀಟಿನಿಂದ ಅಜ್ಜಿ ಅವನ ಕೈ ಹಿಡಿದು ಕೆಳಗಿಳಿಸಿದಳು. ಬಸ್ಸು ಮುಂದೆ ಹೋಯಿತು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಹತ್ತಿರ ಬಂದ. “ಯಾಕ್ರೀ, ಇಳಿಯಲ್ವಾ?”

“ಇದೇ ಬಸ್ಸು ವಾಪಸ್ ಹೋಗುತ್ತಲ್ವಾ?” ಅಪ್ಪ ಪಿಸುಗುಟ್ಟಿದ.

“ಹೋಗುತ್ತೆ. ಇನ್ನೂ ಅರ್ಧ ಗಂಟೆ ಆಗುತ್ತೆ.”

“ಒಳ್ಳೇದೇ ಆಯ್ತು” ಅಂದಳು ಅಜ್ಜಿ. “ನಾಲ್ಕು ಟಿಕೆಟ್ ಕೊಡಿ ಸ್ವಾಮಿ. ಸ್ವಲ್ಪ ಮೆತ್ತಗೆ ಮಾತಾಡಿ.”