ಮೈಕಣ್ಣನ ಕಿವಿಯೊಳಗಿನ ದನಿ

ಬಸ್ ನಿಲ್ದಾಣದ ಮೇಲಂತಸ್ತಿನ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಹೇಳುತ್ತಿದ್ದವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿನವರಿಗೆಲ್ಲ ಅವನು ಮೈಕಣ್ಣ. ಡ್ರೈವರುಗಳು ಕಳಿಸಿದ ಸುದ್ದಿ ಕಂಪ್ಯೂಟರಿನ ಪರದೆಗೆ ಬರುತ್ತಿತ್ತು; ಅದನ್ನೊಂದು ಯಂತ್ರದ ದನಿ ಹೆಡ್‌ಫೋನಿನಲ್ಲಿ ಅವನಿಗೆ ಓದಿ ಹೇಳುತ್ತಿತ್ತು. ಬೇರೆಯವರ ಕಿವಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಮೈಕಣ್ಣ ಮಾತ್ರ ಅದನ್ನು ಬಿಡಿಸಿಕೊಂಡು, ಮನೆಮಂದಿಗೆ ಹೇಳುವಂತೆ ನಿಧಾನವಾಗಿ ಜನಕ್ಕೆ ಹೇಳುತ್ತಿದ್ದ: "ಓಡಬೇಡಿ, ಬಸ್ಸು ಇನ್ನೂ ನೀರು ಕುಡೀತಿದೆ. ಈಗ ಐದಕ್ಕೆ ಬರತ್ತೆ, ಮೂರಕ್ಕಲ್ಲ."

ನಿಲ್ದಾಣದ ಕಂಪ್ಯೂಟರುಗಳೆಲ್ಲ, ಎಲ್ಲರೂ ರಿಪೇರಿ ಅಕ್ಕ ಎಂದು ಕರೆಯುತ್ತಿದ್ದವಳ ಕೈಯಲ್ಲಿದ್ದವು. ಅವುಗಳನ್ನು ನಡೆಸುತ್ತಿದ್ದ ಲಿನಕ್ಸ್ ಎಂಬ ಮೂಲ ತಂತ್ರಾಂಶ ಹಳೆಯದಾಗಿತ್ತು. ಅದಕ್ಕೆ ಬರುತ್ತಿದ್ದ ಭದ್ರತಾ ತಿದ್ದುಪಡಿಗಳು ನಿಂತುಹೋಗಿದ್ದವು. ಹೊಸ ಆವೃತ್ತಿಗೆ ಏರಿಸದೆ ಗತಿಯಿರಲಿಲ್ಲ.

"ಮಧ್ಯಾಹ್ನ ಜನ ಕಡಿಮೆ, ಆಗ್ಲೇ ಮುಗಿಸಿಬಿಡಿ," ಎಂದ ಮ್ಯಾನೇಜರ್. "ನನ್ನ ಕೇಳಿದ್ರೆ, ವೇಳಾಪಟ್ಟಿ ಪ್ರಕಾರ ತಾನೇ ಕೂಗೋ ಆ ರೆಕಾರ್ಡು ಪೆಟ್ಟಿಗೆ ತರಿಸಿಟ್ಟು ಧೂಳು ಹಿಡೀತಿದೆ. ಅದನ್ನ ಹಾಕಿದ್ರೆ ಮನುಷ್ಯನೇ ಬೇಡ."

"ಬಸ್ಸು ಕೆಟ್ಟು ನಿಂತ್ರೆ ಪೆಟ್ಟಿಗೆಗೆ ಗೊತ್ತಾಗತ್ತಾ ಸರ್?" ಎಂದಳು ಅಕ್ಕ.

"ಜನಕ್ಕೆ ಗೊತ್ತಾಗತ್ತಲ್ಲ."

ಅವಳು ಮೈಕಣ್ಣನಿಗೆ, "ನೀವು ಊಟ ಮಾಡ್ಕೊಂಡು ಬನ್ನಿ ಅಣ್ಣ, ಅಷ್ಟರಲ್ಲಿ ಆಗಿರತ್ತೆ," ಎಂದಳು.

"ಹುಷಾರು ಕಣಮ್ಮಾ. ನಿಂಗದು ಮಷೀನು. ನಂಗೆ ಪೇಪರು, ಕನ್ನಡಕ, ಹೆಂಡ್ತಿ, ಮೂರೂ ಅದೇ."

"ಹೆಂಡ್ತಿ ಹಾಗೆ ಬೈಯತ್ತಾ?"

"ತಪ್ಪು ಕೀಲಿ ಒತ್ತಿ ನೋಡು, ಗೊತ್ತಾಗತ್ತೆ."

"ನನ್ನ ಕೋಣೆಯಲ್ಲಿರೋ ಇನ್ನೊಂದ್ರಲ್ಲಿ ಮೊದ್ಲೇ ಮಾಡಿ ನೋಡಿದ್ದೀನಿ. ಹೂ ಎತ್ತಿದ ಹಾಗೆ ಆಯ್ತು."

ಮಾಡಿ ನೋಡಿದ್ದು ನಿಜ. ಆದರೆ ಅದು ಕಣ್ಣಿದ್ದವಳ ಕಂಪ್ಯೂಟರು. ಅದರಲ್ಲಿ ಓದುವ ದನಿಯೇ ಇರಲಿಲ್ಲ. ಇದು ಅವಳಿಗೆ ಹೊಳೆಯಲಿಲ್ಲ.

ಕಡತಗಳ ಪ್ರತಿ ತೆಗೆದಿಟ್ಟಳು. ತಂತ್ರಾಂಶದ ಕಟ್ಟುಗಳು, ಅಂದರೆ ಪ್ಯಾಕೇಜುಗಳು, ಬರುವ ವಿಳಾಸದಲ್ಲಿ ಹಳೆಯ ಆವೃತ್ತಿಯ ಹೆಸರು ಅಳಿಸಿ ಹೊಸದನ್ನು ಬರೆದಳು. ಮೊದಲು ಅಪ್‌ಡೇಟ್, ಆಮೇಲೆ ಪೂರ್ತಿ ಅಪ್‌ಗ್ರೇಡ್. 'ಇವುಗಳನ್ನು ತೆಗೆಯಲಾಗುವುದು' ಎಂದು ಪರದೆಯ ಮೇಲೆ ಹೆಸರುಗಳ ಒಂದು ದೊಡ್ಡ ಕಂತೆ ಬಿತ್ತು. ಮೊದಲ ಸಾಲು ಓದಿದಳು. ತನ್ನ ಕೋಣೆಯಲ್ಲಿ ಕಂಡ ಹೆಸರುಗಳೇ. ಬಾಗಿಲಲ್ಲಿ ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದ. ಅವಳು ಹೌದೆನ್ನುವ 'ವೈ' ಒತ್ತಿದಳು. ಎಲ್ಲ ಮುಗಿದ ಮೇಲೆ, ಜಾಗ ತೆರವಾಗಲೆಂದು, ಡಿಸ್ಕಿನಲ್ಲಿ ಉಳಿದಿದ್ದ ಹಳೆಯ ಪ್ಯಾಕೇಜುಗಳನ್ನೂ ಗುಡಿಸಿ ಹಾಕಿದಳು. ಪರದೆ ಫಳಫಳ ಎಂದಿತು.

ಮೈಕಣ್ಣ ಬಂದು ಹೆಡ್‌ಫೋನು ಹಾಕಿಕೊಂಡ. ಒಂದು ಕೀಲಿ ಒತ್ತಿದ. ಮತ್ತೊಮ್ಮೆ ಒತ್ತಿದ.

"ಅಮ್ಮಾ, ಇದು ಮಾತು ಬಿಟ್ಟಿದೆ."

ಅವಳು ಹುಡುಕಿದಳು. ತೆಗೆದಿಟ್ಟ ಪ್ರತಿಯಲ್ಲಿ ಕಡತಗಳಷ್ಟೇ ಇದ್ದವು; ದನಿಯ ಹಳೆಯ ಪ್ಯಾಕೇಜು ಗುಡಿಸಿಹೋಗಿತ್ತು. ಆ ದನಿಯನ್ನು ಅವಳಿಗಿಂತ ಮೊದಲಿದ್ದ ರಿಪೇರಿಯವನು ಹಳೆಯ ಆವೃತ್ತಿಗೆಂದೇ ಕೈಯಾರೆ ಕಟ್ಟಿ ಕೂರಿಸಿದ್ದ. ಹೊಸದಕ್ಕೆ ಅದು ಹೊಂದಲಿಲ್ಲ. ಹೊಂದದ್ದನ್ನು ಅಪ್‌ಗ್ರೇಡ್ ಕಿತ್ತು ಹಾಕಿತ್ತು, ಅವಳ ಒಪ್ಪಿಗೆ ಪಡೆದೇ. ಆ ಹಳೆಯ ರಿಪೇರಿಯವನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಕೆಳಗೆ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು.

"ಇವತ್ತೊಂದು ದಿನಕ್ಕೆ ಪೆಟ್ಟಿಗೆ ಹಾಕೋಣ," ಎಂದ ಮ್ಯಾನೇಜರ್.

ತಪ್ಪು ತನ್ನದಾಗಿದ್ದರಿಂದ ಅವಳೇ ಪೆಟ್ಟಿಗೆಯ ತಂತಿ ಜೋಡಿಸಿಕೊಟ್ಟಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕಾದಿದ್ದ ಮ್ಯಾನೇಜರಿಗೆ ಅವಳ ಕೈಯೇ ಕೋಲಾಯಿತು. ದಿನ ವಾರವಾಯಿತು. ಮೈಕಣ್ಣನನ್ನು, ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕೋಣೆಗೆ ಹಾಕಿದರು. ಹಾಕಿದರು ಎಂಬುದೇ ಸರಿಯಾದ ಮಾತು. ಮನುಷ್ಯನನ್ನು ಕಳಿಸುವ ರೀತಿ ಬೇರೆಯಿರುತ್ತದೆ.

ಅಷ್ಟರಲ್ಲಿ ಅವಳು ಆ ದನಿಯ ಮೂಲ ಕೋಡು ಹುಡುಕಿ, ಹೊಸ ಆವೃತ್ತಿಗೆ ಹೊಂದುವಂತೆ ಕಟ್ಟಿ ಮುಗಿಸಿದ್ದಳು. ಮ್ಯಾನೇಜರ್ ಬಳಿ ಹೋದಳು.

"ದನಿ ಬಂತು ಸರ್. ತಪ್ಪು ನಂದು, ಅವರದಲ್ಲ. ಬರೆದು ಕೊಡ್ತೀನಿ."

"ತಪ್ಪು ಯಾರದ್ದು ಅಂತ ಯಾರಮ್ಮಾ ಕೇಳಿದ್ರು? ಕೆಲಸ ನಡೀತಿದೆಯಲ್ಲ."

ಅವಳು ಲ್ಯಾಪ್‌ಟಾಪು ಹಿಡಿದು ಸಾಮಾನು ಕೋಣೆಗೆ ಹೋದಳು. ಮೈಕಣ್ಣ ಕೊಡೆಗಳ ಹಿಡಿ ಸವರುತ್ತ, ಉದ್ದದವು ಒಂದು ಕಡೆ, ಮಡಚುವವು ಒಂದು ಕಡೆ ಇಡುತ್ತಿದ್ದ. ಅವಳು ಅವನ ಕಿವಿಗೆ ದನಿ ಕೇಳಿಸಿದಳು. ಅವನು ತಲೆ ಬಾಗಿಸಿ ಬಹಳ ಹೊತ್ತು ಕೇಳಿದ.

"ಅದೇ. ಮೂಗಲ್ಲಿ ಮಾತಾಡೋದು ಇನ್ನೂ ಬಿಟ್ಟಿಲ್ಲ."

"ನನ್ನ ಬೈದುಬಿಡಿ ಅಣ್ಣ."

"ಬೈದ್ರೆ ನಿಂಗೆ ಹಗುರ ಆಗತ್ತೆ. ನಂಗೇನಾಗತ್ತೆ?" ಅವನು ಹೆಡ್‌ಫೋನು ತೆಗೆದು ಅವಳ ಕೈಗಿಟ್ಟ. "ಅವತ್ತು ನನ್ನ ಊಟಕ್ಕೆ ಕಳಿಸಬಾರದಿತ್ತು ಕಣೆ. ಪಕ್ಕದಲ್ಲಿ ಕೂರಿಸ್ಕೊಂಡಿದ್ರೆ, ತೆಗೆಯೋ ಹೆಸರನ್ನೆಲ್ಲ ಅದೇ ನಂಗೆ ಓದಿ ಹೇಳ್ತಿತ್ತು. ತನ್ನ ಹೆಸರನ್ನೂ ಓದ್ತಿತ್ತು. ನಾನು ಸಾಲು ಹಾರಿಸೋನಲ್ಲ."

ಅವಳು ಹೆಡ್‌ಫೋನಿನ ತಂತಿ ಸುತ್ತಿ ಲ್ಯಾಪ್‌ಟಾಪು ಮುಚ್ಚಿದಳು.

ಹೊರಗೆ ಪೆಟ್ಟಿಗೆ, ಬಸ್ಸು ಮೂರನೇ ಅಂಕಣಕ್ಕೆ ಬರುತ್ತಿದೆ ಎಂದಿತು. ಕಿಟಕಿಯಿಂದ ನೋಡಿದರೆ ಮೂರರಲ್ಲಿ ಕೆಟ್ಟ ಬಸ್ಸೊಂದು ಅಡ್ಡ ನಿಂತಿತ್ತು. ಬರುವ ಬಸ್ಸು ಐದರತ್ತ ತಿರುಗುತ್ತಿತ್ತು. ಗಂಟುಮೂಟೆ ಹೊತ್ತ ಹೆಂಗಸರು, ಕಂಕುಳಲ್ಲಿ ಕೂಸಿದ್ದವರು, ಎಲ್ಲರೂ ಮೂರರತ್ತ ಓಡುತ್ತಿದ್ದರು. ರಿಪೇರಿ ಅಕ್ಕ ಹೊರಗೋಡಿ ಅವರ ನಡುವೆ ನುಗ್ಗಿ, "ಐದಕ್ಕೆ ಹೋಗಿ, ಐದಕ್ಕೆ," ಎಂದು ಗಂಟಲು ಹರಿಯುವಂತೆ ಕೂಗಿದಳು. ಒಬ್ಬಿಬ್ಬರು ತಿರುಗಿ ಅವಳ ಮುಖ ನೋಡಿದರು. ಪೆಟ್ಟಿಗೆ ಮತ್ತೊಮ್ಮೆ ಮೂರು ಎಂದಿತು. ಅವರೂ ಅತ್ತಲೇ ಓಡಿದರು.