ಅಂಗಳದ ಮಣ್ಣು

ನಗರದ ವಸ್ತುಸಂಗ್ರಹಾಲಯದಲ್ಲಿ ಅವಳನ್ನು ಎಲ್ಲರೂ ರಿಪೇರಿ ಅಕ್ಕ ಎಂದೇ ಕರೆಯುತ್ತಿದ್ದರು. ಬಾಗಿಲು ಕಾಯುವವನಿಗೂ ಅಕ್ಕ, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ದೊಡ್ಡವರಾದ ನಿರ್ದೇಶಕರಿಗೂ ಅಕ್ಕ. ನಿಜಕ್ಕೂ ಅವಳು ಅಕ್ಕನಾಗಿದ್ದದ್ದು ಒಬ್ಬಳಿಗೆ ಮಾತ್ರ. ತಾಯಿ ತೀರಿಕೊಂಡಾಗ ಆ ತಂಗಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಮನೆಯಲ್ಲಿ ಗುಬ್ಬಿ ಎಂದು ಕರೆಸಿಕೊಳ್ಳುತ್ತಿದ್ದ ಅವಳನ್ನು ಎತ್ತಿ ಆಡಿಸಿ, ಬೈದು ಓದಿಸಿ, ಕೊನೆಗೆ ಅವಳು ಕಲಾವಿದೆಯಾಗುತ್ತೇನೆಂದು ಹಟ ಹಿಡಿದಾಗ ನೆಂಟರಿಷ್ಟರ ಬಾಯಿ ಮುಚ್ಚಿಸಿದವಳೂ ಅಕ್ಕನೇ.

ಅಕ್ಕನ ಸುಪರ್ದಿಯಲ್ಲಿದ್ದದ್ದು ಹಳೆಯ ಸಭಾಂಗಣ. ಅದರ ಉದ್ದನೆಯ ಗೋಡೆಯ ಮೇಲೆ ಬಣ್ಣ ಬರೆದ ಮರದ ಹಲಗೆಗಳು ಸಾಲಾಗಿ ತೂಗುತ್ತಿದ್ದವು. ನಡುವಿನ ಹಲಗೆಯಲ್ಲಿ ದೀಪ ಹಿಡಿದು ನಿಂತ ಹೆಂಗಸು. ಯಾರು ಬರೆದದ್ದೋ, ಯಾವ ಕಾಲದವಳೋ ಯಾರಿಗೂ ಗೊತ್ತಿಲ್ಲ. ಸಿಬ್ಬಂದಿಯೆಲ್ಲ ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದರು. ಬೆಳಿಗ್ಗೆ ಒಳಗೆ ಬಂದವರು ನಿರ್ದೇಶಕರಿಗೆ ನಮಸ್ಕಾರ ಹೇಳುವುದನ್ನು ಮರೆತರೂ ದೊಡ್ಡಮ್ಮನ ಮುಖ ನೋಡದೆ ಕೆಲಸಕ್ಕೆ ಕೂರುತ್ತಿರಲಿಲ್ಲ.

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಆ ದಿನ ಅಕ್ಕ ಹತ್ತಿಯ ಕೈಗವಸು ಹಾಕಿಕೊಂಡು ಒಂದೊಂದು ಹಲಗೆಗೂ ಕಿವಿಯಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಹೋಗುತ್ತಿದ್ದಳು. ಗಟ್ಟಿಯಿರುವ ಮರ ಟಣ್ ಎನ್ನುತ್ತದೆ, ಒಳಗೆ ಕೆಟ್ಟ ಮರ ಬೊದ್ ಎನ್ನುತ್ತದೆ. ಇದು ಅವಳ ಗುರುಗಳು ಕಲಿಸಿದ ಪಾಠ. ಗುಬ್ಬಿ ಚಿಕ್ಕವಳಿದ್ದಾಗ ಮನೆಯಲ್ಲಿ ಬಿಟ್ಟು ಬರಲು ಯಾರೂ ಇರಲಿಲ್ಲವಾದ್ದರಿಂದ ಅವಳೂ ಜೊತೆಗೆ ಬರುತ್ತಿದ್ದಳು. ಅಕ್ಕನ ಕಂಕುಳಡಿ ನುಸುಳಿ ತಾನೂ ಬರಿಗೈಯಲ್ಲಿ ತಟ್ಟುವಳು. ಟಣ್ ಎಂದರೆ, "ದೊಡ್ಡಮ್ಮ ಮನೇಲಿದ್ದಾಳೆ" ಎಂದು ನಗುವಳು. ಮುಟ್ಟಬಾರದು ಎಂದು ಅಕ್ಕ ಗದರುತ್ತಿದ್ದದ್ದು ಬಾಯಿಮಾತಿಗಷ್ಟೆ.

ಗುಬ್ಬಿ ಬೆಳೆದು ದೊಡ್ಡವಳಾದಳು, ಎಷ್ಟೋ ಕಡೆ ಪ್ರದರ್ಶನ ಮಾಡಿದಳು, ಎಲ್ಲಿಯೂ ಹೆಸರಾಗಲಿಲ್ಲ. ಅಷ್ಟರಲ್ಲಿ ನಿರ್ದೇಶಕರ ತಲೆಗೊಂದು ಯೋಚನೆ ಹೊಕ್ಕಿತು. ಹಳೆಯ ಕಲೆಯನ್ನೂ ಇಂದಿನ ಕಲೆಯನ್ನೂ ಅಕ್ಕಪಕ್ಕದ ಕೋಣೆಗಳಲ್ಲಿ ಇಟ್ಟರೆ ಹೇಗೆ? ಹಲಗೆಗಳ ಗೋಡೆಯ ಆಚೆ ಬದಿಯ ಕೋಣೆ ಗುಬ್ಬಿಗೆ ಸಿಕ್ಕಿತು. ಆಗ ತಾನೇ ಅವರ ತಾಯಿಯ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವುತ್ತಿದ್ದರು. ಗುಬ್ಬಿ ಆ ಮನೆಯ ಮುಂಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ತಂದಳು. ಅಂಗಳದ ಮಣ್ಣನ್ನು ಅಗೆಸಿ, ಚೀಲಗಳಲ್ಲಿ ತುಂಬಿಸಿ ತರಿಸಿ, ಕೋಣೆಯ ತುಂಬ ಹರವಿ, ಅದರ ನಡುವೆ ಬಾಗಿಲನ್ನು ನಿಲ್ಲಿಸಿದಳು. ಹೆಸರು, 'ಅಂಗಳ'.

ಮರದ ಯಾವ ಸಾಮಾನು ಒಳಗೆ ಬಂದರೂ ಮೊದಲು ಹುಳ ಸಾಯಿಸುವ ಹೊಗೆಕೋಣೆಯಲ್ಲಿ ಬೀಗದೊಳಗೆ ಇರಬೇಕು ಎಂಬುದು ಸಂಗ್ರಹಾಲಯದ ಕಟ್ಟುನಿಟ್ಟು. ತಂಗಿಯ ಬಾಗಿಲೆಂದು ಅಕ್ಕ ರಿಯಾಯಿತಿ ತೋರಿಸಲಿಲ್ಲ. ಹೊಗೆ ಹಾಕಿಸಿದಳು, ಕಂಡಕಂಡ ತೂತಿಗೆಲ್ಲ ಸಿರಿಂಜಿನಿಂದ ಔಷಧಿ ಬಿಟ್ಟಳು. ಮದುವೆ ಹೆಣ್ಣಿಗೂ ಇಷ್ಟು ಉಪಚಾರ ಇಲ್ಲವೆಂದು ಬಾಗಿಲು ಕಾಯುವವನು ನಕ್ಕ. ಮಣ್ಣಿನ ಚೀಲಗಳು ಮಾತ್ರ ಹಿಂಬಾಗಿಲಿನಿಂದ ನೆಟ್ಟಗೆ ಒಳಗೆ ಹೋದವು. ನಿಯಮವಿದ್ದದ್ದು ಮರಕ್ಕೆ. ಮಣ್ಣು ಮರವಲ್ಲವಲ್ಲ. ಅಷ್ಟು ಓದಿದವರ ನಡುವೆ ಒಬ್ಬರಿಗೂ ಹೊಳೆಯಲಿಲ್ಲ, ಅಕ್ಕನಿಗಂತೂ ಹೊಳೆಯಲೇ ಇಲ್ಲ.

ಮಣ್ಣು ಒಣಗಿದರೆ ವಾಸನೆ ಹೋಗುತ್ತದೆ, ವಾಸನೆ ಹೋದರೆ ಅದು ನಮ್ಮ ಅಂಗಳವಲ್ಲ ಎಂದು ಗುಬ್ಬಿ ಹೇಳಿದ್ದಳು. ಹಾಗಾಗಿ ದಿನಾ ಬೆಳಿಗ್ಗೆ ನೀರು ಚಿಮುಕಿಸಬೇಕು. ಬೇರೆಯವರ ಕೈಗೆ ಕೊಟ್ಟರೆ ಕೆಸರು ಮಾಡಿಯಾರು ಎಂದು ಆ ಕೆಲಸವನ್ನು ಅಕ್ಕನೇ ವಹಿಸಿಕೊಂಡಳು. ಅಮ್ಮ ಚಿಮುಕಿಸುತ್ತಿದ್ದ ಹಾಗೆಯೇ, ಅದೇ ಕೈಬೀಸಿನಲ್ಲಿ.

ಜನ ಕಿಕ್ಕಿರಿದು ಬಂದರು. ಬಾಗಿಲಿನ ಮುಂದೆ ನಿಂತು ಎಷ್ಟೋ ಜನ ಕಣ್ಣೊರೆಸಿಕೊಂಡರು. ಒಂದು ಬೇಸಿಗೆಗೆಂದು ಇಟ್ಟದ್ದು ಮುಂದಿನ ಬೇಸಿಗೆ ಬಂದರೂ ಎತ್ತಲಿಲ್ಲ. ನಿರ್ದೇಶಕರು ನೆಲದ ಮೇಲೆ ಕಾಲಿಡದೆ ಓಡಾಡಿದರು. ಹೊರದೇಶದ ಹೆಸರುವಾಸಿ ಸಂಗ್ರಹಾಲಯವೊಂದರವರು, ತಮ್ಮ ಕಡೆಯ ಇಬ್ಬರು ಬಂದು ನೋಡುವರೆಂದೂ ಒಪ್ಪಿಗೆಯಾದರೆ 'ಅಂಗಳ'ವನ್ನು ತಮ್ಮಲ್ಲಿಗೆ ಒಯ್ಯುವುದಾಗಿಯೂ ಪತ್ರ ಬರೆದರು. ಆ ಸುದ್ದಿ ತಂದ ದಿನ ಗುಬ್ಬಿ ಅಕ್ಕನ ಮಡಿಲಲ್ಲಿ ತಲೆಯಿಟ್ಟು, "ಇದೊಂದು ಆಗ್ಲಿ ಅಕ್ಕ. ಆಗ್ಲಿಲ್ಲ ಅಂದ್ರೆ ನಾನು ಬಣ್ಣ ಮುಟ್ಟಲ್ಲ" ಎಂದಳು. ತಮಾಷೆಗೆ ಹೇಳಿದ ಮಾತಲ್ಲ ಎಂಬುದು ಸಾಕಿದವಳಿಗೆ ತಿಳಿಯುತ್ತದೆ.

ಅದಾದ ಕೆಲವೇ ದಿನಗಳಲ್ಲಿ ಅಕ್ಕ ಹಳೆಯ ಸಭಾಂಗಣದ ಮೂಲೆಯಲ್ಲಿ ಆ ಗೆರೆಯನ್ನು ಕಂಡಳು. ನೆಲದಿಂದ ಗೋಡೆಗೆ ಹತ್ತಿದ ಮಣ್ಣಿನ ಗೆರೆ, ಹೊಲಿಗೆಯ ದಾರಕ್ಕಿಂತ ತುಸು ದಪ್ಪ. ಉಗುರಿನಿಂದ ಕೆದಕಿದಳು. ಒಳಗೆ ಬಿಳಿಯ ಹುಳು ಮಿಸುಕಾಡಿತು. ಗೆದ್ದಲು.

ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಹುಳ ಅಂಗಳದ ಮಣ್ಣಿನಲ್ಲೇ ಬಂದಿತ್ತು. ದಿನಾ ನೀರು ಹಾಕಿ ಅದನ್ನು ಸಾಕಿದವಳು ತಾನೇ. ಬಾಗಿಲಿಗೆ ತಾನೇ ವಿಷ ತುಂಬಿದ್ದರಿಂದ ಅದನ್ನು ಮುಟ್ಟದೆ, ಹಸಿದ ಹುಳ ಗೋಡೆಯ ಬಿರುಕು ಹುಡುಕಿಕೊಂಡು ಈಚೆ ಬಂದಿತ್ತು. ಆಗಲೇ ಓಡಿಹೋಗಿ ನಿರ್ದೇಶಕರಿಗೆ ಹೇಳಬೇಕಾಗಿತ್ತು. ಹೇಳಿದರೆ ಎರಡೂ ಕೋಣೆಗೆ ಬೀಗ, ಮಣ್ಣು ತಿಪ್ಪೆಗೆ, ಸುದ್ದಿ ಊರಿಗೆಲ್ಲ. ಗೆದ್ದಲು ತಂದವಳೆಂಬ ಹೆಸರು ಹೊತ್ತ ಗುಬ್ಬಿಯನ್ನು ಯಾವ ಸಂಗ್ರಹಾಲಯವೂ ಹೊಸಿಲು ದಾಟಲು ಬಿಡುವುದಿಲ್ಲ.

ಅಕ್ಕ ಒದ್ದೆ ಬಟ್ಟೆ ತಂದು ಗೆರೆಯನ್ನು ಒರೆಸಿದಳು. ಬಿರುಕಿಗೆ ಔಷಧಿ ಸುರಿದಳು. ಹೊರದೇಶದವರು ಬಂದು ಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು.

ಬರಬೇಕಾದವರು ಭೇಟಿಯನ್ನು ಮುಂದೂಡಿದರು. ಗೆರೆ ಇನ್ನೊಂದು ಕಡೆ ಎದ್ದಿತು. ಅದನ್ನೂ ಒರೆಸಿದಳು. ಇವಳು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುವ ಜಾತಿ. ಕೆಲವು ದಿನಗಳ ಬಳಿಕ ಗೆರೆ ಎಲ್ಲಿಯೂ ಕಾಣಲಿಲ್ಲ. ಔಷಧಿ ಹತ್ತಿತು ಎಂದು ಯಾರಾದರೂ ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಅವಳಿಗೆ ಆಗಲಿಲ್ಲ. ಕಾಣದ ಗೆದ್ದಲು ಊಟಕ್ಕೆ ಕೂತ ಗೆದ್ದಲು ಎಂದು ಅವಳ ಗುರುಗಳು ಹೇಳುತ್ತಿದ್ದರು.

ಮುಂದಿನ ಸೋಮವಾರ ಕೈಗವಸು ಹಾಕಿಕೊಂಡು ದೊಡ್ಡಮ್ಮನ ಮುಂದೆ ನಿಂತಳು. ಕೈ ಎತ್ತಿದಳು. ಬೊದ್ ಎಂದರೆ? ಕೇಳಿಸಿಕೊಂಡ ಮೇಲೆ ಕೇಳಿಲ್ಲ ಎನ್ನಲು ಬರುವುದಿಲ್ಲ. ಕೈ ಇಳಿಸಿ, ಗವಸು ಬಿಚ್ಚಿ ಮಡಿಚಿ ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡಳು. ಅಂದಿನಿಂದ ತಟ್ಟುವುದನ್ನೇ ಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಇವಳು ಕಿವಿ ಮುಚ್ಚಿಕೊಂಡಳು.

ಆದರೂ ಕಿವಿ ಸುಮ್ಮನಿರಬೇಕಲ್ಲ. ಮಧ್ಯಾಹ್ನ ಜನ ತೆಳುವಾದಾಗ ಗೋಡೆಯ ಕಡೆಯಿಂದ ಸಣ್ಣ ಸದ್ದು ಕೇಳಿದಂತಾಗುತ್ತಿತ್ತು, ಒಣ ಎಲೆಯ ಮೇಲೆ ಯಾರೋ ಮರಳು ಸುರಿದ ಹಾಗೆ. ಬಾಗಿಲು ಕಾಯುವವನನ್ನು ಕೇಳಿದರೆ ತನಗೇನೂ ಕೇಳಿಸಲಿಲ್ಲವೆಂದ. ದೊಡ್ಡಮ್ಮನ ಬಣ್ಣಕ್ಕೆ ಒಂದಿಷ್ಟೂ ಕುಂದು ಬಂದಿರಲಿಲ್ಲ, ದೀಪದ ಹಳದಿ ಹಾಗೆಯೇ ಹೊಳೆಯುತ್ತಿತ್ತು. ಒಂದು ದಿನ ಪಕ್ಕದಿಂದ ನೋಡಿದಾಗ ಮಾತ್ರ ಕೆನ್ನೆ ಕೊಂಚ ಒಳಗೆ ಹೋದಂತೆ, ಹಲ್ಲು ಬಿದ್ದ ಮುದುಕಿಯ ಕೆನ್ನೆಯಂತೆ ಕಂಡಿತು. ಅಕ್ಕ ಏಣಿ ಹತ್ತಿ ಬಲ್ಬಿನ ದಿಕ್ಕು ತಿರುಗಿಸಿದಳು. ಕೆನ್ನೆ ಮತ್ತೆ ನೆಟ್ಟಗಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಹೇಳಲಿಲ್ಲ. ಹೇಳದೆ ಕಳೆದ ದಿನ ಒಂದೊಂದೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು.

ಕೊನೆಗೆ ಆ ಇಬ್ಬರು ಬಂದರು. ಬೆಳ್ಳಿಕೂದಲಿನ ಒಬ್ಬ ಹೆಂಗಸು, ಜೊತೆಗೆ ಅವರ ಸಹಾಯಕ. ಹೆಂಗಸು ಚಪ್ಪಲಿ ಕಳಚಿ ಮಣ್ಣಿನ ಮೇಲೆ ನಡೆದರು, ಬಾಗಿಲಿನ ಸುತ್ತ ತಿರುಗಿ ಬಗ್ಗಿ ನೋಡಿದರು. ಇಷ್ಟು ಹಳೆಯ ಮರದಲ್ಲಿ ಒಂದು ಹುಳುಕೂ ಇಲ್ಲವಲ್ಲ, ಯಾರು ನೋಡಿಕೊಂಡದ್ದು ಎಂದು ಬೆರಗಾದರು. ಕೆಲಸವನ್ನು ಒಪ್ಪಿದ್ದೇವೆ, ಖಂಡಿತ ಒಯ್ಯುತ್ತೇವೆ ಎಂದು ಅಲ್ಲಿಯೇ ಹೇಳಿಬಿಟ್ಟರು. ನಿರ್ದೇಶಕರ ಮುಖ ಊರಗಲವಾಯಿತು. ಗುಬ್ಬಿಯ ಕಣ್ಣು ತುಂಬಿತು.

ಅಕ್ಕನಿಗೂ ಅಳು ಬಂತು. ಮುಗಿಯಿತು, ಸಂಜೆಗೆ ಹೇಳಿಬಿಡುತ್ತೇನೆ ಎಂದುಕೊಂಡಳು. ಎಷ್ಟೋ ವಾರಗಳ ಬಳಿಕ ಅವಳಿಗೆ ಉಸಿರು ಸಲೀಸಾಗಿ ಆಡಿತು.

ಆದರೆ ಗುಬ್ಬಿ ಬಂದವರ ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೊರಟಿದ್ದಳು. ಎಲ್ಲ ಕಲಿತದ್ದು ಅಕ್ಕನಿಂದ, ಅಕ್ಕ ಮರದ ಮಾತು ಕೇಳುವುದನ್ನು ಹೇಳಿಕೊಟ್ಟಿದ್ದು ಇಲ್ಲಿಯೇ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಅಕ್ಕ ಹಿಂದೆಯೇ ಓಡಿದಳು. ಅವಳು ಬರುವಷ್ಟರಲ್ಲಿ ಗುಬ್ಬಿ ದೊಡ್ಡಮ್ಮನ ಮುಂದೆ ನಿಂತು, ಚಿಕ್ಕಂದಿನಂತೆ ಬರಿಗೈ ಎತ್ತಿದ್ದಳು. ಮುಟ್ಟಬೇಡ ಎಂಬುದು ಅಕ್ಕ ದಿನಬೆಳಗಾದರೆ ಬಂದವರಿಗೆಲ್ಲ ಹೇಳುವ ಮಾತು. ಇವತ್ತು ಅದನ್ನು ಹೇಳದೆ ಹೊಸಿಲಲ್ಲೇ ನಿಂತುಬಿಟ್ಟಳು.

ಗುಬ್ಬಿ ನಗುತ್ತಲೇ ತಟ್ಟಿದಳು.

ಟಣ್ ಅನ್ನಲಿಲ್ಲ, ಬೊದ್ ಅನ್ನಲಿಲ್ಲ. ಸದ್ದೇ ಬರಲಿಲ್ಲ. ಬೆರಳು ಬುಡದವರೆಗೂ ಕೆನ್ನೆಯೊಳಗೆ ಹೋಯಿತು. ಬಣ್ಣ ಹಪ್ಪಳದಂತೆ ಬಿರಿದು ಕೆಳಗೆ ಉದುರಿತು. ಅದರ ಹಿಂದೆ ಮರವೆಂಬುದೇ ಇರಲಿಲ್ಲ, ಬರೀ ಒದ್ದೆ ಮಣ್ಣು. ತೂತಿನಿಂದ ಬಿಳಿಯ ಹುಳಗಳು ದೀಪದ ಮೇಲೆ, ಸೆರಗಿನ ಮೇಲೆ ಹರಿದಾಡತೊಡಗಿದವು. ನಿರ್ದೇಶಕರು ಗೋಡೆ ಹಿಡಿದುಕೊಂಡು ನಿಂತರು. ಬೆಳ್ಳಿಕೂದಲಿನ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು, ಮಣ್ಣು ಮೆತ್ತಿದ ತಮ್ಮ ಪಾದಗಳನ್ನು ನೋಡಿಕೊಂಡರು.

ಗುಬ್ಬಿ ಬೆರಳು ಈಚೆಗೆ ತೆಗೆದು, ಏನೆಂದು ತಿಳಿಯದೆ ಮೂಸಿ ನೋಡಿದಳು. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ. ಅವಳ ನಗು ನಿಧಾನವಾಗಿ ಮಾಯವಾಯಿತು. ತಿರುಗಿ ಅಕ್ಕನ ಮುಖ ನೋಡಿದಳು. ಎಲ್ಲರೂ ಬೆಚ್ಚಿಬಿದ್ದಿದ್ದ ಆ ಕೋಣೆಯಲ್ಲಿ ಬೆಚ್ಚಿಬೀಳದೆ ನಿಂತದ್ದು ಅದೊಂದೇ ಮುಖ.

"ಅಕ್ಕ," ಎಂದಳು ಮೆಲ್ಲಗೆ, "ನೀನು ತಟ್ಟಿ ಎಷ್ಟು ದಿನ ಆಯ್ತು?"

ಅಕ್ಕನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಕೈಗವಸು ಅಲ್ಲಿಯೇ ಇತ್ತು, ಬಿಚ್ಚಿಟ್ಟ ದಿನ ಮಡಿಚಿದ ಹಾಗೆಯೇ.