ಚರಗಕ್ಕೊಂದು ಪರೀಕ್ಷೆ

ಶಾಂಭವಿಗೆ ಮಾತಿನಲ್ಲಿ ಸೋತು ಅಭ್ಯಾಸವಿರಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ತೋಟಪ್ಪನವರ ಮಗಳು ಅವಳು. ಗಿರಣಿಯ ಸದ್ದನ್ನು ಮೀರಿಸಿ ಮಾತಾಡುತ್ತಲೇ ಬೆಳೆದವಳು. ಅಂಥವಳ ನಾಲಿಗೆ ಆ ದಿನ ಪರಿಶೀಲನಾ ಸಮಿತಿಯ ಮುಂದೆ ಒಣಗಿಹೋಯಿತು. ಪಿಎಚ್‌ಡಿಗೆಂದು ವರ್ಷಗಟ್ಟಲೆ ದುಡಿದದ್ದೆಲ್ಲ ಮೇಜಿನ ಮೇಲಿತ್ತು. ಸಮಿತಿಯ ಅಧ್ಯಕ್ಷರಾದ ಕನಕರಾಜ್ ಮೇಷ್ಟ್ರು ಅದನ್ನು ಮುಟ್ಟಿಯೂ ನೋಡದೆ ಕನ್ನಡಕ ಒರೆಸುತ್ತ ಕೇಳಿದರು.

“ನೀ ಹೇಳೋದು ಸುಳ್ಳು ಅಂತ ಗೊತ್ತಾಗಬೇಕಂದ್ರ ಏನಾಗಬೇಕು? ಮೊದ್ಲು ಅದನ್ನ ಹೇಳಮ್ಮ.”

ಮೇಷ್ಟ್ರು ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದು, ಭೌತಶಾಸ್ತ್ರ ಓದಿ, ಆಮೇಲೆ ವಿಜ್ಞಾನದ ತತ್ವಶಾಸ್ತ್ರಕ್ಕೆ ಹೊರಳಿದವರು. ಯಾವ ದೇವರಿಗೂ ಕೈ ಮುಗಿದವರಲ್ಲ. ಸೋಲುವ ದಾರಿ ಇಟ್ಟುಕೊಳ್ಳದ ಸಿದ್ಧಾಂತ ವಿಜ್ಞಾನವೇ ಅಲ್ಲ ಎನ್ನುವುದು ಅವರ ಹಟ. ಆ ಹಟ ಸರಿಯಾದದ್ದೇ ಎಂದು ಶಾಂಭವಿಗೂ ಗೊತ್ತಿತ್ತು. ಅದಕ್ಕೇ ಅವಳಿಗೆ ಅಷ್ಟು ಉರಿದದ್ದು.

ಅವಳು ಹೇಳುತ್ತಿದ್ದದ್ದಾದರೂ ಏನು? ಪಶ್ಚಿಮದ ಪಂಡಿತರು ಈ ನೆಲಕ್ಕೆ ಬರುವಾಗ ತಮ್ಮೂರಿನ ಪ್ರಶ್ನೆಯೊಂದನ್ನು ಗಂಟು ಕಟ್ಟಿಕೊಂಡೇ ಬಂದರು: ಈ ಜನ ಇದನ್ನೆಲ್ಲ ಯಾವ ನಂಬಿಕೆಯಿಂದ ಮಾಡುತ್ತಾರೆ? ಅವರ ಕಡೆ ಆ ಪ್ರಶ್ನೆ ಸರಿಯೇ. ಅಲ್ಲಿ ಮೊದಲು ನಂಬಿಕೆ, ಅದರ ಹಿಂದೆ ಆಚರಣೆ. ನಮ್ಮ ಓದಿದವರೂ ಅದೇ ಪ್ರಶ್ನೆ ಕಲಿತು, ಅದನ್ನೇ ವಿಜ್ಞಾನವೆಂದುಕೊಂಡು ಹಳ್ಳಿಗಳ ಮೇಲೆ ಬಿದ್ದರು. ಮನೆಗೆ ಬಂದವರು ಕೇಳಿದ್ದಕ್ಕೆ ಉತ್ತರ ಕೊಡದೆ ಕಳಿಸುವುದು ಮರ್ಯಾದೆಯಲ್ಲ ಎಂದು ನಮ್ಮ ಜನ ಆ ಹೊತ್ತಿಗೆ ಹೊಳೆದದ್ದು ಹೇಳಿದರು. ಬಂದವರು ಅದನ್ನೇ ಹಿಂದೂಗಳ ನಂಬಿಕೆಯೆಂದು ದಪ್ಪ ದಪ್ಪ ಪುಸ್ತಕ ಮಾಡಿದರು. ನಂಬಿಕೆಯಿಂದಲೇ ಆಚರಣೆ ಹುಟ್ಟುತ್ತದೆ ಎನ್ನುವುದು ಇಲ್ಲಿ ಯಾರೂ ಪರೀಕ್ಷಿಸಿ ನೋಡದ ಒಂದು ಊಹೆ, ಆ ಊಹೆ ತಪ್ಪು. ಇಷ್ಟೇ ಅವಳ ವಾದ.

ಅರ್ಧ ಕೆಲಸವನ್ನು ಅವಳು ಹಂಪಿಯಲ್ಲಿ ಮುಗಿಸಿದ್ದಳು. ಚಳಿಗಾಲ ಬಂತೆಂದರೆ ಅಲ್ಲಿ ಕೂತು ಹೊರದೇಶದವರನ್ನು ಮಾತಾಡಿಸುತ್ತಿದ್ದಳು. ಡೆನ್ಮಾರ್ಕಿನ ಹೆಂಗಸೊಬ್ಬಳು ಹೇಳಿದ್ದಳು: ದೇವರಿಲ್ಲ ಎಂದು ನನಗೆ ಮನವರಿಕೆಯಾಯಿತು, ಮುಂದಿನ ಭಾನುವಾರದಿಂದ ಚರ್ಚಿಗೆ ಹೋಗಲಿಲ್ಲ, ಹೋಗಿದ್ದರೆ ಅದು ಮೋಸವಾಗುತ್ತಿತ್ತು. ಹಾಗೆ ಹೇಳಿದವರು ಅವಳೊಬ್ಬಳೇ ಅಲ್ಲ. ನಂಬಿಕೆ ಹೋದರೆ ಆಚರಣೆಯೂ ಹೋಗುತ್ತದೆ ಎನ್ನುವುದು ಅವರಿಗೆ ಹೇಳಬೇಕಾದ ಮಾತೇ ಆಗಿರಲಿಲ್ಲ. ಈ ಭಾಗವನ್ನು ಮೇಷ್ಟ್ರೂ ಒಪ್ಪಿದ್ದರು. ಉಳಿದದ್ದು ಇಲ್ಲಿನವರ ಮಾತು.

ಶಾಂಭವಿ ನೀರು ಕುಡಿದಳು. “ಸರ್, ಸೀಗಿ ಹುಣ್ಣಿಮಿಗೆ ಎಮ್ಮಿಗನೂರಾಗ ಎಡಿ ಅನ್ನ ಒಯ್ದು ಹೊಲದ ತುಂಬ ಚರಗ ಚೆಲ್ತಾರ. ಯಾಕ ಅಂತ ಕೇಳಿದ್ರ ಒಂದೊಂದು ಮನ್ಯಾಗ ಒಂದೊಂದು ಕಾರಣ ಹೇಳ್ತಾರ. ಆ ಕಾರಣ ತಪ್ಪು ಅಂತ ಅವರ ಬಾಯಿಂದನ ಒಪ್ಪಿಸಿದ ಮ್ಯಾಲೆ, ಒಂದೇ ಒಂದು ಮನ್ಯಾರು ಚರಗ ಬಿಟ್ರೂ ನಾನು ಸೋತಂಗ.”

“ಒಪ್ಪಿಸೋರು ಯಾರು?”

“ನೀವ ಬರ್ರಿ.”

ಮೇಷ್ಟ್ರ ಮುಖ ಅರಳಿತು. ವಾದ ಮಾಡಲು ಕರೆದರೆ ಅವರು ಊಟ ಬಿಟ್ಟೂ ಬರುವವರೇ. “ಮನಿ ನಾನ ಆರಿಸ್ತೀನಿ. ಸೋತ್ರ ಮುಗೀತು ನೋಡು, ಪಿಎಚ್‌ಡಿಗೆ ಮತ್ತೆ ಅವಧಿ ಸಿಗಂಗಿಲ್ಲ ನಿನಗ” ಎಂದರು. ಆಗಲಿ ಎಂದಳು.

ಹುಣ್ಣಿಮೆಗೆ ವಾರವಿರುವಾಗ ಇಬ್ಬರೂ ಎಮ್ಮಿಗನೂರಿಗೆ ಹೋದರು. ಕಾಲುವೆ ನೀರುಂಡ ಭತ್ತ ಹೊಡೆಯೊಳಗೆ ತೆನೆ ತುಂಬಿಕೊಂಡು ನಿಂತಿತ್ತು. ಮೊದಲ ಮನೆ ಉಚ್ಚೆಂಗಮ್ಮನದು. ಚರಗ ಯಾಕೆ ಎಂದರೆ ಆಕೆ ತಡಮಾಡದೆ ಹೇಳಿದಳು: “ಭೂಮ್ತಾಯಿ ಈಗ ಬಸುರಿ ಅಲ್ಲೇನ್ರಿ? ಬಸುರಿಗೆ ಬಯಕಿ ಊಟ ಹಾಕಬೇಕಲ್ಲ.”

ಮೇಷ್ಟ್ರು ಚಾಪೆಯ ಮೇಲೆ ಜಮಾಯಿಸಿ ಕೂತರು. ಮಣ್ಣಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ಚೆಲ್ಲಿದ ಅನ್ನ ಕಾಗೆಯ ಪಾಲು, ಚೆಲ್ಲದ ಹೊಲದಲ್ಲೂ ಪೈರು ಕಾಳು ಕಟ್ಟುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಉಚ್ಚೆಂಗಮ್ಮ ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, “ಓದಿದೋರು ನೀವು, ಹೇಳಾದು ಖರೇನ ಐತಿ” ಎಂದು ಮನಸಾರೆ ಒಪ್ಪಿದಳು.

“ಹಂಗಾರ ಈ ಸಲ ಚರಗ ಚೆಲ್ಲಂಗಿಲ್ಲ?”

ಆಕೆ ಮೇಷ್ಟ್ರನ್ನು ಬಿಸಿಲು ಬಡಿದವರನ್ನು ನೋಡುವಂತೆ ನೋಡಿದಳು. “ಯಾಕ್ ಚೆಲ್ಲಂಗಿಲ್ಲ?”

ಶಾಂಭವಿ ನಗು ತಡೆಯಲು ಕೆಮ್ಮಿದಳು. ಇನ್ನೊಂದು ಮನೆಯಲ್ಲಿ ಕಾರಣ ಪಾಂಡವರ ವನವಾಸವಾಗಿತ್ತು, ಮತ್ತೊಂದರಲ್ಲಿ ಸತ್ತ ಹಿರಿಯರು. ಎಲ್ಲ ಕಡೆಯೂ ಮೇಷ್ಟ್ರು ಗೆದ್ದರು, ಯಾರೂ ಚರಗ ಬಿಡುವ ಮಾತಾಡಲಿಲ್ಲ. ಕೊನೆಯ ಮನೆಯ ವಿರುಪಾಕ್ಷಪ್ಪ ಮಾತ್ರ ಬೇರೆ ಆಳು. ದಿನಾ ಪೇಪರು ಓದುವ, ಎರಡು ಮಾತಿಗೆ ಒಂದಾಡುವ ಮನುಷ್ಯ. ಅನ್ನಕ್ಕೆ ಹುಳ ಹೋಗಲಿ, ಪೈರನ್ನು ಬಿಟ್ಟುಬಿಡಲಿ ಅಂತ ಚೆಲ್ಲುತ್ತೇವೆ ಎಂದ. ಕಾಂಡ ಕೊರೆಯುವ ಹುಳ ಅನ್ನ ತಿನ್ನುವುದಿಲ್ಲ ಎಂದು ಮೇಷ್ಟ್ರು ತೋರಿಸಿಕೊಟ್ಟಾಗ ಅವನು ಕೈಯಲ್ಲಿದ್ದ ಪೇಪರು ಮಡಿಚಿಟ್ಟ. “ನಿಮ್ಮಾತಿನಾಗ ಅರ್ಥ ಐತ್ರಿ. ವಿಚಾರ ಮಾಡ್ತೀನಿ” ಎಂದ. ಬಸ್ಸಿನಲ್ಲಿ ಮೇಷ್ಟ್ರು ಸಣ್ಣಗೆ ಹಾಡು ಗುನುಗುತ್ತ ಬಂದರು. ಶಾಂಭವಿ ಹುಣ್ಣಿಮೆಗೆ ಉಳಿದ ದಿನ ಎಣಿಸತೊಡಗಿದಳು.

ಹುಣ್ಣಿಮೆಯ ದಿನ ಎಮ್ಮಿಗನೂರಿನ ಹೊಲದ ದಾರಿಗಳೆಲ್ಲ ಬುಟ್ಟಿ ಹೊತ್ತ ಹೆಂಗಸರಿಂದ ತುಂಬಿದ್ದವು. ಒಬ್ಬರು ಮುಂದೆ ಎಡೆಯ ಅನ್ನ ಚೆಲ್ಲುತ್ತ “ಹುಲ್ಲುಲ್ಲಿಗೋ” ಎಂದು ಕೂಗಿದರೆ, ಹಿಂದಿನವರು ಚೊಂಬಿನಿಂದ ನೀರು ಚಿಮುಕಿಸುತ್ತ “ಚಲ್ಲಂಬರಿಗೋ” ಎನ್ನುತ್ತಿದ್ದರು. ಹಾಗೆಂದರೇನೆಂದು ಯಾರಿಗೂ ತಿಳಿಯದು, ತಿಳಿಯದ್ದಕ್ಕೆ ಬೇಸರವೂ ಇಲ್ಲ. ಉಚ್ಚೆಂಗಮ್ಮ ಇಬ್ಬರಿಗೂ ಕಡುಬು ತಿನ್ನಿಸಿದಳು. ಮೇಷ್ಟ್ರು ಆರಿಸಿದ ಒಂದೊಂದೇ ಹೊಲ ದಾಟುತ್ತ ಬಂದಂತೆ ಶಾಂಭವಿಯ ಎದೆ ಹಗುರಾಯಿತು. ಆದರೆ ವಿರುಪಾಕ್ಷಪ್ಪನ ಮನೆಗೆ ಬಂದರೆ ಒಲೆ ಹೊತ್ತಿರಲಿಲ್ಲ. ಅವನು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ.

“ಹೊಲಕ್ಕ ಹೋಗಿಲ್ಲೇನು?”

“ಇಲ್ರಿ, ಈ ಸಲ ಇಲ್ಲ” ಎಂದು ಅವನು ತಲೆ ತಗ್ಗಿಸಿದ.

ಮೇಷ್ಟ್ರು ಶಾಂಭವಿಯ ಕಡೆ ತಿರುಗಿದರು. ಹಿಗ್ಗನ್ನು ಮುಚ್ಚಿಡುವಷ್ಟು ದೊಡ್ಡತನ ಅವರಿಗಿತ್ತು, ಪೂರ್ತಿ ಮುಚ್ಚುವಷ್ಟು ಇರಲಿಲ್ಲ. ಅವಳು ಬಿಡದೆ ಕೇಳಿದಳು, “ಯಾಕ್ರಿ ಯಜಮಾನ್ರ?”

“ಸೂತಕ ಐತವ್ವ. ಸಿರುಗುಪ್ಪದಾಗ ನಮ್ಮ ದೊಡ್ಡಪ್ಪನ ಮಗ ಮೊನ್ನೆ ತೀರಿಕೊಂಡ.”

ಶಾಂಭವಿ ಹಣೆ ಬಡಿದುಕೊಂಡಳು. ಅವಳ ಮನೆಯವರು ಲಿಂಗ ಕಟ್ಟಿದವರು, ಅವರಿಗೆ ಸೂತಕವಿಲ್ಲ. ಅಜ್ಜ ತೀರಿದ ಮರುದಿನವೇ ಗಿರಣಿಯಲ್ಲಿ ಪೂಜೆ ನಡೆದಿತ್ತು. ಪಂಥ ಕಟ್ಟುವಾಗ ಸೂತಕವೆಂಬುದೊಂದಿದೆ ಎಂಬುದೇ ಅವಳ ತಲೆಗೆ ಬಂದಿರಲಿಲ್ಲ. ಪಶ್ಚಿಮದವರು ತಮ್ಮೂರಿನ ಕಣ್ಣಿಂದ ನೋಡಿದರೆಂದು ಬೈದವಳು, ತಾನು ತನ್ನ ಮನೆಯ ಕಣ್ಣಿಂದ ನೋಡಿದ್ದಳು.

“ಕೆಟ್ಟದ್ದಾತು ಪಾಪ” ಎಂದು ಮೇಷ್ಟ್ರು ಓಣಿಗೆ ಬಂದು ದನಿ ತಗ್ಗಿಸಿದರು. “ಆದ್ರ ನೋಡು, ಬೀಳೋ ಸಿದ್ಧಾಂತಕ್ಕ ಯಾವಾಗ್ಲೂ ಒಂದು ನೆಪ ಸಿಗತೈತಿ. ನಾ ಬಂದು ಹೋದ ಮ್ಯಾಲೆ ಅವಗ ಮನಸ್ಸಿರಲಿಲ್ಲ, ಸೂತಕ ಅನುಕೂಲಾತು ಅಂತ ನಾ ಅಂದ್ರ ನೀ ಏನಂತಿ?”

ಅವಳು ನಿಂತಲ್ಲೇ ಯೋಚಿಸಿದಳು. ಸಿಟ್ಟಿನಿಂದ ಆಗದ ಕೆಲಸವಿದು. ನೆಪಕ್ಕೂ ನಿಜವಾದ ಕಾರಣಕ್ಕೂ ಏನು ವ್ಯತ್ಯಾಸ? ನೆಪ ಆಗಿಹೋದದ್ದನ್ನಷ್ಟೇ ಮುಚ್ಚುತ್ತದೆ. ನಿಜವಾದ ಕಾರಣವಾದರೆ ಇನ್ನೂ ಯಾರೂ ನೋಡದ ಸಂಗತಿಯೊಂದನ್ನು ಮುಂಚೆಯೇ ಹೇಳಬೇಕು, ಹೇಳಿ ತಪ್ಪಿದರೆ ಸೋಲಬೇಕು.

“ಸರ್, ಅವನ ಹೊಲ ನಾವಿನ್ನೂ ನೋಡಿಲ್ಲ. ನಿಮ್ಮ ಮಾತಿಗೆ ಅವ ಚರಗ ಬಿಟ್ಟಿದ್ರ ಆ ಹೊಲ ಇವತ್ತು ಖಾಲಿ ಇರತೈತಿ. ಬರೇ ಸೂತಕ ತಡದಿದ್ರ, ತಡದಿದ್ದು ಅವನ ಕೈ ಅಷ್ಟ, ಕೆಲಸ ಅಲ್ಲ. ಸೂತಕ ಇಲ್ಲದ ಬ್ಯಾರೆ ಮನಿ ಕೈ ಆ ಹೊಲಕ್ಕ ಬಂದ ಬರತೈತಿ. ಬರದಿದ್ರ ಸೋತೆ ಅಂತ ಬರದು ಕೊಡ್ತೀನಿ.”

“ಅವನ್ನ ಕೇಳಿ ತಿಳ್ಕಂಡಿ ಏನು?”

“ನಿಮ್ಮ ಮುಂದ ಆಡಿದ್ದ ಬಿಟ್ರ ಒಂದು ಮಾತು ಆಡಿಲ್ರಿ.”

ಮೇಷ್ಟ್ರು ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. “ನಡಿ” ಎಂದರು.

ಹೊಲ ಖಾಲಿಯಿತ್ತು. ಬದುವಿನ ಮೇಲೆ ಪೂಜೆಗೆಂದು ಸುಣ್ಣ ಹಚ್ಚಿಟ್ಟ ಕಲ್ಲಿಲ್ಲ, ಚೆಲ್ಲಿದ ಅನ್ನವಿಲ್ಲ. ಸುತ್ತಲಿನವರೆಲ್ಲ ಉಂಡು ಬುಟ್ಟಿ ಕಟ್ಟುತ್ತಿದ್ದರು. ಶಾಂಭವಿ ಬೇವಿನ ನೆರಳಿನಲ್ಲಿ ಕೂತಳು. ಅತ್ತುಬಿಡಬೇಕೆನಿಸಿತು, ಮೇಷ್ಟ್ರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದಳು. ಮೇಷ್ಟ್ರೂ ಬಂದು ಪಕ್ಕದಲ್ಲಿ ಕೂತರು. ಕೊನೆಗೆ ಅವರು ಪ್ಯಾಂಟು ಕೊಡವಿಕೊಂಡು ಏಳುವ ಹೊತ್ತಿಗೆ ಕಾಲುವೆ ಏರಿಯ ಮೇಲೆ ಟಿವಿಎಸ್ ಗಾಡಿಯೊಂದು ಧೂಳೆಬ್ಬಿಸುತ್ತ ಬಂತು. ಮುಂದೆ ಬುಟ್ಟಿ ಇಟ್ಟುಕೊಂಡು ಓಡಿಸುತ್ತಿದ್ದವಳು ಇಳಿದು, ಸೆರಗು ಸಿಕ್ಕಿಸಿ, ನೆಟ್ಟಗೆ ವಿರುಪಾಕ್ಷಪ್ಪನ ಹೊಲಕ್ಕಿಳಿದಳು.

ಶಾಂಭವಿ ಎದ್ದು ನಿಂತಳು. ಮೇಷ್ಟ್ರು ಅವಳಿಗಿಂತ ಮುಂಚೆ ಓಡಿದ್ದರು. “ಯಾರಮ್ಮ ನೀನು?”

“ಸುಕನ್ಯಾ ಅಂತ್ರಿ. ವಿರುಪಾಕ್ಷಪ್ಪನ ಮಗಳು. ಕಂಪ್ಲಿಗೆ ಕೊಟ್ಟಾರ, ಈಗ ನಮ್ಮ ಕುಲ ಬ್ಯಾರೆ, ಈ ಸೂತಕ ನಮಗ ಬರಂಗಿಲ್ಲ. ನಮ್ಮ ಹೊಲದ ಚರಗ ಮುಗಿಸಿ ಬರೋದು ಹೊತ್ತಾತು.”

“ಅನ್ನಕ್ಕ ಹುಳ ಹೋಗಂಗಿಲ್ಲ ಅಂತ ನಿಮ್ಮಪ್ಪ ಒಪ್ಯಾನಲ್ಲ?”

“ಹುಳಕ್ಕ ಅಂತ ಹೇಳಿದ್ನಾ ಅಪ್ಪ?” ಸುಕನ್ಯಾ ಸುಣ್ಣ ಹಚ್ಚಿದ ಐದು ಕಲ್ಲು ಸಾಲಾಗಿಡುತ್ತ ನಕ್ಕಳು. “ನಾನು ಹಕ್ಕಿಪಕ್ಷಿಗೆ ಅಂತ ತಿಳ್ಕಂಡಿದ್ದೆ. ಇರ್ಲಿ ಬಿಡ್ರಿ. ನಮ್ಮ ಮನ್ಯಾರು ಗಿರಣಿಗೆ ಹೋಗ್ಯಾರ, ನೀರು ಹಾಕಾಕ ಜೋಡಿ ಯಾರಿಲ್ಲ. ಈ ಚೊಂಬು ಹಿಡ್ಕಂಡು ನನ್ನ ಹಿಂದ ಬರ್ರಿ, ಜಲ್ದಿ.”

ಮೇಷ್ಟ್ರು ಚೊಂಬು ಹಿಡಿದರು. ಚಪ್ಪಲಿಯನ್ನೂ ಬಿಟ್ಟರು. ಬದುವಿನುದ್ದಕ್ಕೂ ಸುಕನ್ಯಾ ಅನ್ನ ಚೆಲ್ಲುತ್ತ ಕೂಗಿದರೆ, ಹಿಂದೆ ಕನಕರಾಜ್ ಮೇಷ್ಟ್ರು ನೀರು ಚಿಮುಕಿಸುತ್ತ, ಮೊದಲು ಸಣ್ಣಗೆ, ನಾಲ್ಕನೆಯ ಬದು ತಿರುಗುವ ಹೊತ್ತಿಗೆ ಪಕ್ಕದ ಹೊಲದವರು ತಿರುಗಿ ನೋಡುವಷ್ಟು ಜೋರಾಗಿ “ಚಲ್ಲಂಬರಿಗೋ” ಎಂದು ಕೂಗಿದರು. ಶಾಂಭವಿಯ ಕಣ್ಣಲ್ಲಿ ನೀರೂ ನಗುವೂ ಒಟ್ಟಿಗೇ ಬಂದವು.

ಸುತ್ತು ಮುಗಿಸಿ ಬಂದ ಮೇಷ್ಟ್ರ ಪ್ಯಾಂಟು ಮೊಣಕಾಲವರೆಗೆ ಕೆಸರಾಗಿತ್ತು. ಶಾಂಭವಿ ಎದುರಿಗೆ ನಿಂತು, ಆದಷ್ಟು ಗಂಭೀರವಾಗಿ ಕೇಳಿದಳು.

“ಸರ್, ಯಾವ ನಂಬಿಕಿಂದ ನೀರು ಹಾಕಿದ್ರಿ?”

“ಏ, ನಂಬಿಕಿ ಎಲ್ಲಿಂದ ಬಂತು ಇದ್ರಾಗ? ಆಕಿ ಹಿಡೀರಿ ಅಂದ್ಲು, ನಾ...”

ಅವರು ಅಲ್ಲಿಗೇ ನಿಂತರು. ಕೈಯಲ್ಲಿದ್ದ ಖಾಲಿ ಚೊಂಬನ್ನೊಮ್ಮೆ, ತಮ್ಮ ಬರಿಗಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಬದುವಿನ ಮೇಲೆ ಕೂತುಕೊಂಡು ಮತ್ತೂ ನಕ್ಕರು.

“ಗೆದ್ದಿ ನೋಡು” ಎಂದರು ಕಣ್ಣೊರೆಸಿಕೊಂಡು. “ನಾಳೆ ಆಫೀಸಿಗೆ ಬಾ, ಸಹಿ ಹಾಕ್ತೀನಿ. ನಾ ನೀರು ಹಾಕಿದ್ದೂ ಸೇರಿಸಿ ಬರಿ, ನನ್ನ ಹೆಸರು ಬಿಡಬ್ಯಾಡ.”